ಪ್ರವಾಸವೋ, ಅಂಗಡಿಗಳ ಮೆರವಣಿಗೆಯೋ?

ತಂಡ ಕಟ್ಟಿಕೊಂಡು ಶ್ರೀಲಂಕೆಗೆ ಹೋಗಿಬಂದ ನಾವು ಕಂಡದ್ದೇನು? ಪೊಲೊನ್ನರುವದ ಗಲ್ ವಿಹಾರದಲ್ಲಿ 12ನೆಯ ಶತಮಾನದ ಶಿಲ್ಪಿಗಳು ಒಂದೇ ಬಂಡೆಯಲ್ಲಿ ಕಡೆದ 4 ಮೂರ್ತಿಗಳಿಗೆ ಇಪ್ಪತ್ತು ನಿಮಿಷ. ಕ್ಯಾಂಡಿಯ ರತ್ನದಂಗಡಿಗೆ ಎರಡು ಗಂಟೆ! ಸಿಗಿರಿಯಾದ ಸುಮಾರು 1,200 ಮೆಟ್ಟಿಲು ಹತ್ತಲು ಹೊತ್ತಿಲ್ಲವೆಂದ ಮಾರ್ಗದರ್ಶಿಗೆ ಮಾತಳೆಯ ಮಸಾಲೆ ತೋಟದಲ್ಲಿ ಹೊತ್ತೇ ಹೊತ್ತು. ಇಂಥ ಅಂಗಡಿಗಳಲ್ಲಿ ಕರೆತಂದವರಿಗೆ ಕಮಿಷನ್ ಉಂಟೆಂಬುದು ಗುಟ್ಟೇನಲ್ಲ.

"ಕೊಳ್ಳದಿದ್ದರಾಯಿತು" ಎನ್ನುವವರುಂಟು. ಹಣ ಉಳಿದೀತು, ಸರಿ. ಹೋದ ಹೊತ್ತು ಮರಳೀತೇ? ನಮ್ಮಂಥ ನೌಕರರ ಎಲ್.ಟಿ.ಸಿ. ವಿದೇಶಕ್ಕೆ ಸಲ್ಲದು. ಹೋಗುವುದು ಸಂಬಳದಲ್ಲಿ ಉಳಿಸಿದ ಹಣದಿಂದ, ಜೀವಮಾನಕ್ಕೊಮ್ಮೆ.

ಬಂಧುಗಳೇ, ಮುಂಗಡ ಕೊಡುವ ಮುನ್ನವೇ ಯಾವ ಸ್ಥಳಕ್ಕೆ ಎಷ್ಟು ಗಂಟೆ, ದಾರಿಯಲ್ಲಿ ಅಂಗಡಿಗಳೆಷ್ಟು ಎಂದು ಬರೆಸಿಕೊಳ್ಳಿ. ಬರೆದುಕೊಡಲೊಲ್ಲದವರಿಗೆ ಬಿಡಿಗಾಸೂ ಕೊಡಬೇಡಿ.