ಗುಡಿಯಾದ್ರೆ ಕಾವಲು, ಬಂಡೆಯಾದ್ರೆ ಜಲ್ಲಿ?

"ನಮ್ಮ ಪರಂಪರೆ, ನಮ್ಮ ಸಂಸ್ಕೃತಿ" ಅಂತ ದಿನಕ್ಕೆ ಹತ್ತು ಪೋಸ್ಟ್ ಹಾಕೋ ಮಹನೀಯರಿಗೆ ಒಂದು ಪ್ರಶ್ನೆ. ಬಳ್ಳಾರಿ ಪಕ್ಕದ ಸಂಗನಕಲ್ಲು-ಕಪ್ಪಗಲ್ಲು ಬೆಟ್ಟಗಳು ನಿಮ್ಮ ಪರಂಪರೆಯ ಲೆಕ್ಕಕ್ಕೆ ಬರ್ತವೋ ಇಲ್ವೋ?

ಹಂಪಿಗಿಂತ ಸಾವಿರಾರು ವರ್ಷ ಹಳೆಯ ಜಾಗ ಅದು. ಹೊಸ ಶಿಲಾಯುಗದ ಜನ ಅಲ್ಲಿ ದನ ಸಾಕಿದ್ರು, ಕಲ್ಲಿನ ಕೊಡಲಿ ಮಾಡ್ತಿದ್ರು. ಕಪ್ಪು ಡಾಲರೈಟ್ ಬಂಡೆಗಳ ಮೇಲೆ ಕಲ್ಲಿನಿಂದಲೇ ಕುಟ್ಟಿ ಕುಟ್ಟಿ ಚಿತ್ರ ಮೂಡಿಸಿದ್ರು. ಉದ್ದ ಕೊಂಬಿನ, ಡುಬ್ಬದ ದನಗಳು. ಸಾಲಾಗಿ ನಿಂತ ಮನುಷ್ಯರು. ಗಂಡು ಹೆಣ್ಣು ಕೂಡುವ ಚಿತ್ರಗಳೂ ಇವೆ, ಮುಚ್ಚುಮರೆ ಇಲ್ಲ. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದ್ರೆ ಗಂಟೆಯ ಹಾಗೆ ದನಿ ಕೊಡ್ತವೆ.

1892ರಷ್ಟು ಹಿಂದೆಯೇ ಈ ಚಿತ್ರಗಳು ಅಚ್ಚಿನಲ್ಲಿ ಬಂದಿದ್ದವು. ಕಲ್ಲುಗಣಿಗಾರಿಕೆಯಿಂದ ಇವು ನಾಶವಾಗ್ತಿವೆ ಅಂತ ಸಂಶೋಧಕರು 2004ರಲ್ಲೇ ಎಚ್ಚರಿಸಿದ್ರು. ಎಷ್ಟು ಪರಂಪರಾ ಪ್ರೇಮಿಗಳು ಬೀದಿಗೆ ಬಂದ್ರಿ? ಒಂದು ಗುಡಿಯ ಗೋಪುರಕ್ಕೆ ಬಿರುಕು ಬಿದ್ದಿದ್ರೆ ಸುಮ್ನಿರ್ತಿದ್ರಾ?

ಕಾರಣ ನನಗೆ ಗೊತ್ತು ಸ್ವಾಮಿ. ಆ ಚಿತ್ರಗಳಲ್ಲಿ ರಾಜ ಇಲ್ಲ, ಶ್ಲೋಕ ಇಲ್ಲ, ಪೂಜಾರಿ ಇಲ್ಲ. ಇನ್ನೊಂದು ಕಾರಣವೂ ಇದೆ. ಅದೇ ಯುಗದ, ಸುರಪುರ ಸೀಮೆಯ ಬೂದಿಹಾಳದಲ್ಲಿ ಪ್ರೊ. ಕೆ. ಪದ್ದಯ್ಯನವರು ಅಗೆದಾಗ ದನ ಕಡಿದು ಮಾಂಸ ಮಾಡ್ತಿದ್ದ ಜಾಗವೇ ಸಿಕ್ತು. ದನ ಸಾಕಿದವರೇ ದನ ತಿಂದಿದ್ರು. ಇದನ್ನು ಒಪ್ಪಿದ್ರೆ 2020ರ ಗೋಹತ್ಯೆ ನಿಷೇಧ ಕಾಯ್ದೆಗೆ "ಸನಾತನ ಪರಂಪರೆ" ಅಂತ ಹೆಸರಿಡೋದು ಕಷ್ಟ ಆಗುತ್ತೆ, ಅಲ್ವಾ?

ಕೆತ್ತಿದವರು ದಲಿತರು ಅಂತ ನಾನು ಹೇಳ್ತಿಲ್ಲ. ಅವರ ಹೆಸರು, ನುಡಿ ಯಾವುದೂ ಉಳಿದಿಲ್ಲ. ನಾನು ಹೇಳೋದಿಷ್ಟೇ: ದುಡಿಯುವ ಕೈಗಳು ಮಾಡಿದ್ದನ್ನು ಚರಿತ್ರೆ ಅಂತ ಒಪ್ಪದ ಕಾಯಿಲೆ ಈ ದೇಶಕ್ಕಿದೆ. ಆ ಕಾಯಿಲೆ ನಮಗೆ ಚೆನ್ನಾಗಿ ಗೊತ್ತು.

"ಕ್ವಾರಿ ನಿಂತ್ರೆ ಬಡವರ ಕೂಲಿ ಹೋಗುತ್ತೆ" ಅಂತ ಕೆಲವರು ಬರ್ತಾರೆ. ಬಿಸಿಲಲ್ಲಿ ಕಲ್ಲು ಒಡೆದು, ದೂಳು ಕುಡಿದು ಎದೆ ಕೆಡಿಸಿಕೊಳ್ಳೋ ನಮ್ಮ ಭೋವಿ ಅಣ್ಣತಮ್ಮಂದಿರ ಮೇಲೆ ಇಷ್ಟು ಕರುಣೆ ಇದ್ರೆ, ಲೀಸ್ ಯಾರ್ಯಾರ ಹೆಸರಲ್ಲಿದೆ ಅನ್ನೋ ಪಟ್ಟಿ ಹೊರಗಿಡಿ. ಅದರಲ್ಲಿ ಪರಿಶಿಷ್ಟರು ಎಷ್ಟು ಜನ, ನೋಡೋಣ.

ಆಸ್ಟ್ರೇಲಿಯಾದ ಮುರುಜುಗದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಬಂಡೆಗೆತ್ತನೆಗಳಿವೆ. ಅಲ್ಲಿನ ಯಾಬುರಾರ ಮೂಲನಿವಾಸಿಗಳನ್ನು 1868ರಲ್ಲಿ ಬೇಟೆಯಾಡಿ ಕೊಂದ್ರು. ಆಮೇಲೆ ಕೆತ್ತನೆಗಳ ನಡುವೆಯೇ ಗ್ಯಾಸ್ ಘಟಕ ಎಬ್ಬಿಸಿದ್ರು. ಆದ್ರೂ ಮೂಲನಿವಾಸಿಗಳು ಬಿಡಲಿಲ್ಲ. "ಈ ಬಂಡೆಗಳು ನಮ್ಮವು" ಅಂತ ಪಟ್ಟು ಹಿಡಿದ್ರು. 2025ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು. ಘಟಕದ ಹೊಗೆ ವಿರುದ್ಧದ ಜಗಳ ಇನ್ನೂ ಮುಗಿದಿಲ್ಲ.

ನಮಗೂ ಅದೇ ಪಟ್ಟು ಬೇಕು. ಕೆತ್ತನೆ ಇರುವ ಬೆಟ್ಟಗಳ ಸುತ್ತ ಒಂದೇ ಒಂದು ಸಿಡಿಮದ್ದೂ ಸಿಡಿಯಬಾರದು. ಉಳಿದಿರೋ ಪ್ರತಿ ಚಿತ್ರದ ದಾಖಲೆ ಆಗಲಿ. ಕಾವಲುಗಾರ, ಗೈಡ್ ಕೆಲಸ ಅದೇ ಊರಿನ ಕಲ್ಲು ಒಡೆಯೋರ ಮಕ್ಕಳಿಗೆ ಸಿಗಲಿ. ಶಾಲಾ ಪುಸ್ತಕದಲ್ಲಿ ಈ ಜನರಿಗೂ ಒಂದು ಪಾಠ ಇರಲಿ.

ಬಳ್ಳಾರಿ ಕಡೆಯ ಗೆಳೆಯರೇ, ಮೊದಲು ಬೆಟ್ಟ ಹತ್ತಿ ನೋಡಿ ಬನ್ನಿ. ಚಿತ್ರದ ಮೇಲೆ ಸುಣ್ಣ, ಬಣ್ಣ ಹಚ್ಚಬೇಡಿ. ಫೋಟೋ ತೆಗೆದು ಎಲ್ಲರಿಗೂ ತೋರಿಸಿ.

ಜೈ ಭೀಮ್.