ನಾಡಿಯ ತಾಳ

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ಅಜ್ಜನನ್ನೋ ಅಜ್ಜಿಯನ್ನೋ ಐದು ನಿಮಿಷ ಸುಮ್ಮನೆ ಕೂರಿಸಿ. ಅವರ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ನಿಮ್ಮ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ನಿಮ್ಮ ಹೆಬ್ಬೆರಳು ಇಡಬೇಡಿ. ಅದರಲ್ಲಿ ನಿಮ್ಮದೇ ನಾಡಿ ಸಿಕ್ಕೀತು!

ಕೂತಿದ್ದಾಗ ದೊಡ್ಡವರ ನಾಡಿ ಸಾಮಾನ್ಯವಾಗಿ 60ರಿಂದ 100. ಎಣಿಕೆಯಷ್ಟೇ ತಾಳವೂ ಮುಖ್ಯ. ಗಡಿಯಾರದಂತೆ ಬಂದರೆ ಸರಿ. ಮಳೆ ನಿಂತ ಮೇಲೆ ಮರದಿಂದ ಹನಿ ಉದುರುವಂತೆ ಒಮ್ಮೆ ಬೇಗ, ಒಮ್ಮೆ ತಡ, ಲೆಕ್ಕಕ್ಕೇ ಸಿಗದೆ ಬಂದರೆ ಮನೆಯವರಿಗೆ ಹೇಳಿ. ನಿಮ್ಮ ನಾಡಿ ಉಸಿರೆಳೆದಾಗ ಚುರುಕಾಗಿ, ಬಿಟ್ಟಾಗ ನಿಧಾನವಾದರೆ ಹೆದರಬೇಡಿ. ಮಕ್ಕಳಲ್ಲಿ ಅದು ಸಹಜ.

ಹಿರಿಯರಲ್ಲಿ ಹೀಗೆ ತಾಳ ತಪ್ಪಿಸುವ ಒಂದು ಕಾಯಿಲೆ ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಕೋಣೆಗಳು ಬಡಿಯುವ ಬದಲು ನಡುಗುತ್ತವೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಈ ಕಾಯಿಲೆಯಿದ್ದವರಿಗೆ ಆ ಅಪಾಯ ಸುಮಾರು 5 ಪಟ್ಟು ಹೆಚ್ಚು. ಮೊದಲೇ ತಿಳಿದರೆ, ಅಗತ್ಯವಿದ್ದವರಿಗೆ ವೈದ್ಯರು ಮಾತ್ರೆ ಕೊಟ್ಟು ಅಪಾಯ ತಗ್ಗಿಸುತ್ತಾರೆ. ಆದರೆ ಎಷ್ಟೋ ಜನರಿಗೆ ಏನೂ ಅನಿಸುವುದೇ ಇಲ್ಲ. ಅನಿಸಿದರೂ, ಎಪ್ಪತ್ತು ದಾಟಿದ ನನ್ನಂಥವರು "ಗುಡ್ಡ ಹತ್ತಿದ್ದಕ್ಕೆ", "ಕಾಫಿ ಒಂದು ಲೋಟ ಜಾಸ್ತಿಯಾಯ್ತು" ಎಂದು ಸುಮ್ಮನಾಗುತ್ತೇವೆ.

ಖಚಿತವಾಗಿ ಹೇಳುವುದು ಇಸಿಜಿ. ಅಮೆರಿಕದ ನಾರ್ಮನ್ ಹೋಲ್ಟರ್ 1940ರ ದಶಕದಲ್ಲಿ ಮಾಡಿದ, ಹೊತ್ತು ನಡೆಯುವ ಯಂತ್ರದ ತೂಕ ಸುಮಾರು 38 ಕಿಲೋ! ಈಗ ಅಂಗೈಯಗಲದ ಯಂತ್ರಗಳಿವೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಆರಂಭಿಸಿದ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಯೋಜನೆ ನಮ್ಮ ಚಿಕ್ಕಮಗಳೂರು ಸೇರಿದಂತೆ ಹಲವು ಜಿಲ್ಲೆಗಳ ಹಳ್ಳಿ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಒದಗಿಸಿದೆ. ಅಲ್ಲಿನ ವೈದ್ಯರು ನಕ್ಷೆಯನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ತಜ್ಞರು ನೋಡಿ ಸಲಹೆ ಕೊಡುತ್ತಾರೆ. ಮಳೆಗಾಲದಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವ ಕಷ್ಟ ಬಲ್ಲವರಿಗೆ ಇದರ ಬೆಲೆ ಗೊತ್ತು. ರೋಗಿಗಿಂತ ಮೊದಲು ನಕ್ಷೆ ಘಾಟಿ ಇಳಿಯುತ್ತದೆ.

ಹಿರಿಯರಿಗೆ ಎರಡು ಮಾತು. ಈ ತಾಳ ಬಂದು ಹೋಗುವಂಥದು. ಇವತ್ತಿನ ಇಸಿಜಿ ಚೆನ್ನಾಗಿದ್ದರೂ ಅನುಮಾನವಿದ್ದರೆ ವೈದ್ಯರು ಒಂದೆರಡು ದಿನ ಮೈಮೇಲೇ ಯಂತ್ರ ಕಟ್ಟಿ ನೋಡಬಹುದು, ಬೇಡ ಎನ್ನಬೇಡಿ. ಇನ್ನು ಎದೆನೋವು ಬಂದರೆ, ಬಾಯಿ ಸೊಟ್ಟಗಾದರೆ, ಕೈ ಸೋತರೆ ನಾಡಿ ಎಣಿಸುತ್ತ ಕೂರಬಾರದು. ಕೂಡಲೇ 108ಕ್ಕೆ ಕರೆ ಮಾಡಿ.

ಮಕ್ಕಳೇ, ಎಣಿಸಿದ್ದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಅಜ್ಜಿ ಮುಂದಿನ ಸಲ ಆಸ್ಪತ್ರೆಗೆ ಹೊರಟಾಗ ಆ ಹಾಳೆಯೂ ಚೀಲದಲ್ಲಿರಲಿ.