ಬೆವರಿಲ್ಲದ ಹವ್ಯಾಸ ಮೈಗೆ ಹತ್ತದು

ಕಠಿಣ ಸಾಧನೆ ಪದಕ ಗೆಲ್ಲುವವರಿಗೆ ಮಾತ್ರ, ಹವ್ಯಾಸಿಗಳಿಗೆ ದಿನಕ್ಕಿಷ್ಟು ನಡಿಗೆ ಸಾಕು ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಈ ಮಾತನ್ನು ಒಪ್ಪಲಾಗದು.

ನಡಿಗೆ ಒಳ್ಳೆಯದೇ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ಅಷ್ಟಕ್ಕೇ ಮುಗಿಯುವುದಿಲ್ಲ. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವ್ಯಾಯಾಮ, ಇಲ್ಲವೇ 75ರಿಂದ 150 ನಿಮಿಷ ಬಿರುಸಿನ ವ್ಯಾಯಾಮ. ಜೊತೆಗೆ ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು. ಬಿರುಸಾಗಿ ಮಾಡಿದರೆ ಅರ್ಧ ಸಮಯ ಸಾಕು. ಪುರುಸೊತ್ತಿಲ್ಲ ಎನ್ನುವವರಿಗೇ ಇದು ಹೆಚ್ಚು ಬೇಕಾದದ್ದು.

ಲೇಖಕರು ಮೈಸೂರಿನ ಗರಡಿ ಮನೆಗೊಮ್ಮೆ ಬರಲಿ. ಅಲ್ಲಿ ಸಾಮು ಮಾಡುವವರೆಲ್ಲ ದಸರಾ ಕುಸ್ತಿಗೆ ಇಳಿಯುವ ಪೈಲ್ವಾನರಲ್ಲ. ಆಟೊ ಓಡಿಸುವವರು, ತರಕಾರಿ ಮಾರುವವರು, ನನ್ನಂಥ ಗುಮಾಸ್ತರೂ ಇದ್ದೇವೆ. ನಸುಕಿನಲ್ಲಿ ಗುದ್ದಲಿ ಹಿಡಿದು ಮಟ್ಟಿಯ ಕೆಮ್ಮಣ್ಣು ಅಗೆಯುವಾಗಲೇ ಅಂಗೈ ಬಿಸಿಯೇರುತ್ತದೆ. ದಂಡ, ಬಸ್ಕಿ ಮುಗಿಸಿ ಗದೆ ತಿರುಗಿಸುವ ಹೊತ್ತಿಗೆ ಹಣೆಯ ಬೆವರು ಮಣ್ಣಿಗೆ ತೊಟ್ಟಿಕ್ಕುತ್ತಿರುತ್ತದೆ. ಹತ್ತು ಬಸ್ಕಿಗೇ ಕುಸಿಯುತ್ತಿದ್ದ ನಾನು ನೂರು ಮುಟ್ಟಿದ್ದು, "ಇನ್ನೊಂದು ಹೊಡಿ ಮಗಾ" ಎಂದು ಉಸ್ತಾದರು ಎದುರಿಗೆ ನಿಂತಿದ್ದರಿಂದ. ಅಂದು ಕಂಡ ಧೈರ್ಯ ಕಚೇರಿಯ ಕಷ್ಟದ ದಿನಗಳಲ್ಲೂ ಕೈ ಹಿಡಿದಿದೆ.

ಅತಿಯಾದರೆ ಪೆಟ್ಟು ಎಂಬ ಲೇಖಕರ ಎಚ್ಚರಿಕೆ ಸರಿಯೇ. ಅದಕ್ಕೆ ಮದ್ದು ಹಂತಹಂತವಾಗಿ ಏರುವುದು, ನಡುವೆ ವಿಶ್ರಾಂತಿ, ಗುರುವಿನ ಕಣ್ಣು; ಹೃದಯದ ತೊಂದರೆ ಇರುವವರಿಗೆ ವೈದ್ಯರ ಸಲಹೆ. ಪೆಟ್ಟಿನ ಭಯಕ್ಕೆ ಸಾಧನೆಯನ್ನೇ ಬಿಡಿ ಎನ್ನುವುದು ಓದುಗರಿಗೆ ಮಾಡುವ ಅನ್ಯಾಯ.